ಯಾವ ಮಳೆಗೆ ಬಿತ್ತಿದ್ರಿ?

ಆಂಧ್ರದ ಅನಂತಪುರ ಸೀಮೆಯ ಮಡಕಶಿರಾ ಕಡೆಯ ಹೊಲದ ಬದುವಿನ ಮೇಲೆ ನಿಂತು “ಕಡ್ಲೆಕಾಯಿ ಬಿತ್ತಿದ್ದು ಯಾವ ತಾರೀಖು, ಯಜಮಾನ್ರೇ?” ಎಂದರೆ ಸಿಗುವುದು ಅಂದಾಜಿನ ಉತ್ತರ. “ಯಾವ ಮಳೆಗೆ ಬಿತ್ತಿದ್ರಿ?” ಎಂದು ಕೇಳಿ ನೋಡಿ, ಮಾತು ತಡವರಿಸುವುದಿಲ್ಲ.

ಇಲ್ಲಿ ಮಳೆಯೆಂದರೆ ಕಾಲದ ಅಳತೆ. ಸೂರ್ಯ ಒಂದು ನಕ್ಷತ್ರದಲ್ಲಿರುವ 13-14 ದಿನಗಳೇ ಒಂದು ಮಳೆ. ಸೂರ್ಯ ಪುಷ್ಯ ನಕ್ಷತ್ರದಲ್ಲಿದ್ದರೆ, ಹನಿ ಬೀಳದೆ ಹೋದರೂ ಅದು ಪುಷ್ಯ ಮಳೆಯೇ. ರಾಯದುರ್ಗ, ಮಡಕಶಿರಾದ ಕನ್ನಡ ಮನೆಗಳಲ್ಲಿ ‘ಮಳೆ’ ಎಂದರೆ, ತೆಲುಗು ಮನೆಗಳಲ್ಲಿ ‘ಕಾರ್ತೆ’. ಲೆಕ್ಕ ಒಂದೇ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್, ಪಿ.ಆರ್. ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿಯನ್ನು ಕೈಗೆತ್ತಿಕೊಂಡರು. ಬಿತ್ತನೆ ಯಾವಾಗ ಆದರೆ ಬೆಳೆ ಕೈಕೊಡುವ ಸಂಭವ ಕಡಿಮೆ? ಹಲವು ವರ್ಷಗಳ ಮಳೆಯ ದಾಖಲೆಯನ್ನು ‘ಪಿನಟ್‌ಗ್ರೋ’ ಎಂಬ ಕಂಪ್ಯೂಟರ್ ಮಾದರಿಗೆ ಉಣಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶ: ಜೂನ್ 22ರಿಂದ ಆಗಸ್ಟ್ 17. ರೈತರು ಆಗಲೇ ಬಿತ್ತುತ್ತಿದ್ದ ಅವಧಿಯೂ ಅದೇ.

ಪಂಚಾಂಗ ತೆರೆದರೆ ಜೂನ್ 22ರ ಹೊತ್ತಿಗೆ ಆರಿದ್ರ ಹುಟ್ಟುತ್ತದೆ, ಆಗಸ್ಟ್ 17ರ ಹೊತ್ತಿಗೆ ಆಶ್ಲೇಷ ಮುಗಿಯುತ್ತದೆ. ಸರಿಯಾಗಿ ನಾಲ್ಕು ಮಳೆ! ಈ ಅವಧಿ ಒಗ್ಗುವುದಕ್ಕೆ ಕಾರಣ ಮಳೆಯ ಹಂಚಿಕೆಯಲ್ಲಿದೆ. ಪಶ್ಚಿಮಘಟ್ಟದ ಮಳೆನೆರಳಿನ ಈ ನಾಡಿಗೆ ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದು ಜೋರಾಗುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜುಲೈಯಲ್ಲಿ ಬಿತ್ತಿದ ಗಿಡ ಕಾಯಿ ತುಂಬುವ ಹೊತ್ತಿಗೆ ನೀರು ಸಿಗುತ್ತದೆ. ಮೊದಲ ಮಳೆಗೇ ಕೂರಿಗೆ ಹೂಡುವ ಅವಸರಗಾರನಿಗೆ ಆ ಭರವಸೆಯಿಲ್ಲ.

ಹಾಗೆಂದು ಹಿರಿಯರು ಹೇಳಿದ್ದೆಲ್ಲ ಸರಿ ಎಂದು ತಲೆದೂಗುವವನು ನಾನಲ್ಲ. ನಕ್ಷತ್ರದ ಲೆಕ್ಕ ಋತುಮಾನದಿಂದ ಸುಮಾರು 71 ವರ್ಷಕ್ಕೊಂದು ದಿನ ಸರಿಯುತ್ತದೆ. ಐನೂರು ವರ್ಷದ ಗಾದೆಯೊಂದು ಈಗಾಗಲೇ ವಾರ ತಪ್ಪಿರುತ್ತದೆ. ಅದಲ್ಲದೆ ಹಳೆಯ ಅನುಭವ ಬೆಳೆದದ್ದು ನವಣೆ, ಸಜ್ಜೆ, ಅಕ್ಕಡಿ ಸಾಲುಗಳ ಹೊಲದಲ್ಲಿ. ಕಣ್ಣು ಹಾಯುವಷ್ಟೂ ಕಡಲೆಕಾಯಿಯೇ ಆದದ್ದು ಕೆಲವು ದಶಕಗಳಿಂದೀಚೆ. ಹೊಸ ಬೆಳೆಗೆ ಅಜ್ಜನ ಗಾದೆಯಿಲ್ಲ. ಅದಕ್ಕೇ ಗಾಡ್ಗೀಳ್ ಮತ್ತು ಶೇಷಗಿರಿ ರಾವ್ ರೈತರೂ ವಿಜ್ಞಾನಿಗಳೂ ಕೂಡಿಯೇ ಉತ್ತರ ಹುಡುಕಬೇಕೆಂದು ವಾದಿಸಿದರು.

ಕೂಡಿ ಹುಡುಕುವುದಾದರೆ ರೈತರ ಸಮೀಕ್ಷೆಯ ಫಾರಂನಲ್ಲಿ ‘ತಾರೀಖು’ ಎಂಬ ಕಾಲಂನ ಪಕ್ಕ ‘ಮಳೆ’ ಎಂಬ ಇನ್ನೊಂದು ಕಾಲಂ ಬೇಕು. ಬಿತ್ತುವಾಗ ಮಣ್ಣಿನಲ್ಲಿ ಹದ ಎಷ್ಟು ಬೆರಳು ಇಳಿದಿತ್ತು ಎಂಬುದಕ್ಕೂ ಸ್ವಲ್ಪ ಜಾಗವಿರಲಿ.