ಅರ್ಜಿಗೊಂದು ಫೋಟೊ

ಅರ್ಜಿ ಸಲ್ಲಿಸಲು ಮರುದಿನವೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲ ಸಿದ್ಧ. ಫೋಟೊ ಮಾತ್ರ ಇಲ್ಲ. ಸಂಜೆ ಏಳರ ಹೊತ್ತಿಗೆ ಅಪ್ಪ, ಅಮ್ಮ, ಮಗಳು ಮೂವರೂ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಾರೆ. ಕನ್ನಡಿಯ ಮುಂದೆ ಬಾಚಣಿಗೆ, ಪೌಡರ್ ಡಬ್ಬಿ. ಮಗಳು ತಲೆ ಬಾಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಾಳೆ.

‘ತಲೆ ಸ್ವಲ್ಪ ಎತ್ತಮ್ಮ... ಹಾಂ, ಸಾಕು.’

ಬೆಳಕು ಮಿಂಚುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಮುಖ ಮೂಡುತ್ತಿದ್ದಂತೆ ಅಮ್ಮ ಮೆಲ್ಲಗೆ ಹೇಳುತ್ತಾರೆ: ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ.’

ಅರ್ಜಿ ತುಂಬುವ ದಿನಗಳಲ್ಲಿ ಯಾವ ಊರಿನ ಸ್ಟುಡಿಯೋದಲ್ಲೂ ಕಾಣುವ ದೃಶ್ಯವಿದು. ಅಮ್ಮನ ಮಾತಿನಲ್ಲಿರುವುದು ಪ್ರೀತಿಯೇ. ಆದರೆ ಗೋಡೆಗೆ ಹಾಕುವ ಫೋಟೊ ಬೇರೆ, ಅರ್ಜಿಗೆ ಅಂಟಿಸುವ ಫೋಟೊ ಬೇರೆ. ಹಿಂದೆ ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಮುಖದ ಕಲೆ ಮರೆಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಬಣ್ಣವನ್ನೇ ಬದಲಿಸಬಹುದು. ಗೋಡೆಯ ಫೋಟೊಗೆ ಅದು ಅಲಂಕಾರ. ಅರ್ಜಿಯ ಫೋಟೊಗೆ ಅದೇ ಕುತ್ತು.

ಮುಖವೇ ಸಾಕ್ಷಿ

ಗುರುತಿನ ಕಾಗದಕ್ಕೆ ಫೋಟೊ ಏಕೆ ಬೇಕಾಯಿತು ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. ಮೊದಲ ಮಹಾಯುದ್ಧದ ಆರಂಭದಲ್ಲಿ ಕಾರ್ಲ್ ಹಾನ್ಸ್ ಲೋಡಿ ಎಂಬ ಜರ್ಮನ್ ಗೂಢಚಾರ ಅಮೆರಿಕದವನೊಬ್ಬನ ಪಾಸ್‌ಪೋರ್ಟ್ ಹಿಡಿದು ಬ್ರಿಟನ್ ಸೇರಿದ. ಆಗಿನ ಪಾಸ್‌ಪೋರ್ಟಿನಲ್ಲಿ ಫೋಟೊ ಇರುತ್ತಿರಲಿಲ್ಲ. ಕೊನೆಗೆ ಸಿಕ್ಕಿಬಿದ್ದ ಅವನನ್ನು 1914ರ ನವೆಂಬರ್ 6ರಂದು ಲಂಡನ್ನಿನ ಗೋಪುರದ ಕೋಟೆಯಲ್ಲಿ ಗುಂಡಿಕ್ಕಿ ಕೊಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ಪಾಸ್‌ಪೋರ್ಟಿಗೆ ಫೋಟೊ ಕಡ್ಡಾಯ ಮಾಡಿತು.

ಪರೀಕ್ಷಾ ಕೊಠಡಿಯ ಮೇಲ್ವಿಚಾರಕರು ಪ್ರವೇಶಪತ್ರವನ್ನೂ ಎದುರಿಗಿರುವ ಮುಖವನ್ನೂ ತಾಳೆ ನೋಡುವುದು ಇದೇ ಕಾರಣಕ್ಕೆ. ‘ಇದು ನೀನೇ ಏನಮ್ಮ?’ ಎಂದು ಅವರು ಕೇಳುವಂತಾದರೆ ಬರೆಯಲು ಕುಳಿತವಳ ಎದೆ ಡವಗುಟ್ಟದೆ ಇರುತ್ತದೆಯೇ?

ಯಾವುದಕ್ಕೆ ಫೋಟೊ?

ಛಾಯಾಗ್ರಾಹಕರಿಗೆ ಮೊದಲು ಹೇಳಬೇಕಾದ್ದು ಇದನ್ನೇ. ‘ಪಾಸ್‌ಪೋರ್ಟ್ ಸೈಜ್’ ಎಂದರೆ ಸಾಮಾನ್ಯವಾಗಿ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. ಅಮೆರಿಕದ ವೀಸಾಕ್ಕಾದರೆ 2 ಅಂಗುಲದ ಚೌಕ. ಅದರಲ್ಲಿ 2016ರ ನವೆಂಬರಿನಿಂದ ಕನ್ನಡಕ ಧರಿಸುವಂತಿಲ್ಲ. ವೈದ್ಯಕೀಯ ಪ್ರವೇಶದ 2024ರ ನೀಟ್ ಪರೀಕ್ಷೆಗೆ ಪಾಸ್‌ಪೋರ್ಟ್ ಸೈಜಿನ ಜೊತೆಗೆ 4x6 ಅಂಗುಲದ ಪೋಸ್ಟ್‌ಕಾರ್ಡ್ ಸೈಜಿನದನ್ನೂ ಕೇಳಿದ್ದರು. ಹಿನ್ನೆಲೆ ಬಿಳಿಯಾಗಿರಬೇಕು, ಕಿವಿಗಳು ಕಾಣಬೇಕು ಎಂಬ ಷರತ್ತೂ ಇತ್ತು. ಆದ್ದರಿಂದ ಸೂಚನಾ ಪುಟದ ಒಂದು ಪ್ರತಿಯನ್ನು ಸ್ಟುಡಿಯೋಗೆ ಒಯ್ಯುವುದೇ ಲೇಸು.

ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಂಗಿ ಕರಗಿಹೋಗುತ್ತದೆ. ಗಾಢ ಬಣ್ಣದ ಬಟ್ಟೆ ಒಳ್ಳೆಯದು. ಕನ್ನಡಕಕ್ಕೆ ಅನುಮತಿ ಇದ್ದರೂ ಗಾಜಿನಲ್ಲಿ ದೀಪ ಹೊಳೆದು ಕಣ್ಣು ಮರೆಯಾಗದಂತೆ ನೋಡಿಕೊಳ್ಳಬೇಕು. 4x6 ಅಂಗುಲದ ಒಂದು ಹಾಳೆಯಲ್ಲಿ ಎಂಟು ಪಾಸ್‌ಪೋರ್ಟ್ ಫೋಟೊ ಹಿಡಿಸುತ್ತವೆ. ಅವುಗಳ ಜೊತೆಗೆ ಫೈಲನ್ನೂ ಕೇಳಿ ಪಡೆದರೆ ಆನ್‌ಲೈನ್ ಅರ್ಜಿಗೆ ಒದಗುತ್ತದೆ. ಮುದ್ರಿತ ಫೋಟೊವನ್ನು ಮೊಬೈಲಿನಲ್ಲಿ ಮತ್ತೆ ಕ್ಲಿಕ್ಕಿಸಿ ಕಳಿಸಿದರೆ ಚಿತ್ರ ಮಂಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಕೊನೆಯ ದಿನದವರೆಗೆ ಕಾಯಬಾರದು. ವಾರದ ಮೊದಲೇ ತೆಗೆಸಿದರೆ ಸರಿ ಬಾರದಿದ್ದಾಗ ಮತ್ತೊಮ್ಮೆ ಕೂರಬಹುದು. ಅವಸರದ ಮುಖ ಫೋಟೊದಲ್ಲೂ ಅವಸರದ್ದೇ.

ಇನ್ನು ‘ಬೆಳ್ಳಗೆ ಮಾಡಿ’ ಎಂಬ ಮಾತು. ಅದನ್ನು ಛಾಯಾಗ್ರಾಹಕರಷ್ಟೇ ಅಲ್ಲ, ಸ್ಟೂಲಿನ ಮೇಲೆ ಕುಳಿತವಳೂ ಕೇಳಿಸಿಕೊಳ್ಳುತ್ತಾಳೆ. ತನ್ನ ಮುಖ ಇದ್ದಂತೆ ಸಾಲದು ಎಂದು ಅವಳಿಗೆ ಅನ್ನಿಸಿದರೆ ಆ ಕಲೆಯನ್ನು ಯಾವ ಕಂಪ್ಯೂಟರೂ ಅಳಿಸಲಾರದು.

ಎಂಟು ಪ್ರತಿಗಳಲ್ಲಿ ಅರ್ಜಿಗೆ ಹೋಗುವುದು ಒಂದೋ ಎರಡೋ. ಉಳಿದವು ಅಮ್ಮನ ಪರ್ಸಿನಲ್ಲಿ, ಅಪ್ಪನ ಡೈರಿಯಲ್ಲಿ ಕೂರುತ್ತವೆ. ಮಗಳು ಹಾಸ್ಟೆಲಿಗೆ ಹೊರಟುಹೋದ ಮೇಲೆ ಒಂದು ದಿನ ಅದು ಕೈಗೆ ಸಿಕ್ಕೀತು. ಆಗ ಅಮ್ಮ ನೋಡಬಯಸುವುದು ತನ್ನ ಮಗಳನ್ನೇ ಅಲ್ಲವೇ?