ಬಳಸಿದ ಬಿಡಾರಗಾಡಿಯನ್ನು ಕೊಳ್ಳುವ ಮುನ್ನ

ಒದ್ದೆಯಾದ ಕೊಡೆಯನ್ನು ಹಾಗೆಯೇ ಮಡಿಸಿ ಮೂಲೆಯಲ್ಲಿಟ್ಟರೆ ಏನಾಗುವುದೆಂಬುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೆಲವು ದಿನ ಕಳೆದು ಬಿಡಿಸಿದಾಗ ಬಟ್ಟೆಯ ಮೇಲೆ ಬೂಷ್ಟಿನ ಕಪ್ಪು ಚುಕ್ಕೆಗಳು, ಕಡ್ಡಿಗಳ ಕೀಲಿನಲ್ಲಿ ತುಕ್ಕು, ಮೂಗಿಗೆ ಮುಗ್ಗಲು ವಾಸನೆ. ಮಡಿಸಿದ್ದಾಗ ಇವಾವುವೂ ಕಾಣವು. ಇಂಥ ಕೊಡೆಯೊಂದಕ್ಕೆ ಚಕ್ರ, ಹಾಸಿಗೆ, ಒಲೆಗಳನ್ನು ಜೋಡಿಸಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಏರ್ಪಾಡು ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ ಅದನ್ನು ಪಾಪ್-ಅಪ್ ಕ್ಯಾಂಪರ್ ಎನ್ನುವರು. ನಾವು ಮಡಿಸುವ ಬಿಡಾರಗಾಡಿ ಎನ್ನೋಣ. ಹೊಸದರ ಬೆಲೆ ಕೈಗೆಟುಕದ ಸಂಸಾರಸ್ಥರು, ಅಲ್ಲಿ ನೆಲಸಿರುವ ನಮ್ಮವರೂ ಸೇರಿದಂತೆ, ಬಳಸಿದ ಗಾಡಿಯನ್ನು ಅರಸುವುದು ಸಹಜ. ಅಂಥವರು ಹಣ ಕೊಡುವ ಮುನ್ನ ಏನನ್ನು ನೋಡಬೇಕು? ಕೊಂಡ ಮೇಲೆ ಹೇಗೆ ಕಾಪಾಡಬೇಕು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಗಾಡಿಯ ಕೆಳಭಾಗ ತಗ್ಗಾದ ಪೆಟ್ಟಿಗೆ. ಮೇಲ್ಭಾಗ ಗಟ್ಟಿಯಾದ ಛಾವಣಿ. ಇವೆರಡರ ನಡುವೆ ಮಡಿಕೆಯಾಗಿ ಕುಳಿತಿರುವುದು ಡೇರೆಯ ಬಟ್ಟೆ. ಬೀಡುಬಿಟ್ಟ ಸ್ಥಳದಲ್ಲಿ ಛಾವಣಿಯನ್ನು ಎತ್ತಿ, ಎರಡು ಕಡೆಗೂ ಹಾಸಿಗೆಯ ಹಲಗೆಗಳನ್ನು ಹೊರಕ್ಕೆಳೆದರೆ ಪುಟ್ಟ ಮನೆಯೊಂದು ಸಿದ್ಧವಾಗುತ್ತದೆ. ಕೋಲ್ಮನ್ ಸಂಸ್ಥೆ 1967ರಲ್ಲಿ ಇಂಥ ಗಾಡಿಗಳ ತಯಾರಿಕೆಗೆ ತೊಡಗಿತು. ಮರುವರ್ಷವೇ ಇಂಡಿಯಾನಾ ರಾಜ್ಯದ ಮಿಡಲ್‌ಬರಿಯಲ್ಲಿ ಲಾಯ್ಡ್ ಬಾಂಟ್ರೇಗರ್ ಎಂಬವರು, ತಾವೇ ರೂಪಿಸಿದ ಛಾವಣಿ ಎತ್ತುವ ಸಾಧನವನ್ನು ಆಧಾರವಾಗಿಟ್ಟುಕೊಂಡು ಜೇಕೋ ಸಂಸ್ಥೆಯನ್ನು ಸ್ಥಾಪಿಸಿದರು. ಮಡಿಸಿದ ಗಾಡಿ ತಗ್ಗಾಗಿರುವುದರಿಂದ ಗಾಳಿಯ ತಡೆ ಕಡಮೆ, ತೂಕವೂ ಹಗುರ. ದೊಡ್ಡ ಬಿಡಾರಗಾಡಿಯನ್ನು ಎಳೆಯಲಾರದ ವಾಹನವೂ ಇದನ್ನು ಎಳೆದೀತು. ಇದರ ಗುಣವೆಲ್ಲ ಮಡಿಕೆಯಲ್ಲಿದೆ. ಇದರ ದೋಷಗಳು ಅಡಗುವುದೂ ಆ ಮಡಿಕೆಯಲ್ಲಿಯೇ. ಆದುದರಿಂದ ಮೊದಲ ನಿಯಮವಿದು: ಪೂರ್ತಿಯಾಗಿ ಬಿಡಿಸಿ ತೋರಿಸದ ಗಾಡಿಯನ್ನು ಕೊಳ್ಳಬಾರದು. “ಈಗ ಸ್ಥಳವಿಲ್ಲ”, “ಹಿಡಿಕೆ ಎಲ್ಲಿಯೋ ಹೋಗಿದೆ” ಎಂದು ಮಾರುವವನು ನೆವ ಹೇಳಿದರೆ, ಇನ್ನೊಂದು ದಿನ ಬರುವೆನೆಂದು ಹೇಳಿ ಹಿಂದಿರುಗುವುದು ಲೇಸು.

ಈ ಗಾಡಿಯ ಮುಖ್ಯ ಶತ್ರು ನೀರು. ಛಾವಣಿಯ ಅಂಚಿನಲ್ಲಿ, ಕಿಟಕಿಯ ಸಂದಿನಲ್ಲಿ, ತಿರುಪು ಹೊಕ್ಕ ರಂಧ್ರದಲ್ಲಿ ಅದು ಹನಿಹನಿಯಾಗಿ ನುಸುಳುತ್ತದೆ. ಮರವನ್ನು ಕೊಳೆಸುವ ಶಿಲೀಂಧ್ರಗಳು ಮರದ ತೇವ ನೂರಕ್ಕೆ 20ಕ್ಕಿಂತ ಕೆಳಗಿರುವವರೆಗೆ ಬೆಳೆಯಲಾರವು. ತೇವವು ಆ ಮಿತಿಯನ್ನು ಬಹಳವಾಗಿ ಮೀರಿ ಅಲ್ಲಿಯೇ ನಿಂತಿತೆಂದರೆ ಮರದ ನಾರನ್ನು ತಿನ್ನಲು ಆರಂಭಿಸುತ್ತವೆ. ನೆಲದ ಪ್ಲೈವುಡ್ಡು ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಮೇಲೆ ಹೊಸ ಹಾಸು ಅಂಟಿಸಿದರೆ ಇದು ಕಣ್ಣಿಗೆ ಬೀಳದು. ಕಾಲಿಗೆ ಮಾತ್ರ ತಿಳಿಯುತ್ತದೆ. ಆದುದರಿಂದ ಗಾಡಿಯೊಳಗೆ ಮೂಲೆಮೂಲೆಗೂ ಹೆಜ್ಜೆಯಿಟ್ಟು ನೋಡಬೇಕು. ಛಾವಣಿಯ ಒಳಮೈಯನ್ನೂ ಹಾಸಿಗೆ ಹಲಗೆಗಳ ಅಂಚನ್ನೂ ಹೆಬ್ಬೆರಳಿನಿಂದ ಒತ್ತಬೇಕು. ಮೆತ್ತಗಾದ ಕಡೆ ಮರ ಸತ್ತಿದೆಯೆಂದು ತಿಳಿಯಬಹುದು. ಬಾಗಿಲು ತೆರೆದ ಮೊದಲ ಕ್ಷಣದ ವಾಸನೆಯನ್ನೂ ಗಮನಿಸತಕ್ಕದ್ದು. ಸುಗಂಧದ್ರವ್ಯದ ವಾಸನೆ ಅತಿಯಾಗಿದ್ದರೆ ಅದೂ ಒಂದು ಸುಳಿವೇ.

ಬಟ್ಟೆಯನ್ನು ಪರೀಕ್ಷಿಸಲು ಹಗಲು ಹೊತ್ತಿನಲ್ಲಿ ಒಳಗೆ ನಿಂತು, ಬೆಳಕಿಗೆ ಎದುರಾಗಿ ನೋಡಬೇಕು. ಸೂಜಿಮೊನೆಯಷ್ಟು ರಂಧ್ರವೂ ನಕ್ಷತ್ರದಂತೆ ಹೊಳೆಯುತ್ತದೆ. ಹೊಲಿಗೆ ಬಿಟ್ಟಿದ್ದರೆ ಹೊಲಿಯಬಹುದು. ಬಿಸಿಲಿಗೆ ಜೀರ್ಣವಾಗಿ ಬೆರಳಿಗೆ ಹರಿಯುವ ಬಟ್ಟೆಗೆ ಮಾತ್ರ ಪರಿಹಾರವಿಲ್ಲ. ಪೂರ್ತಿ ಬಟ್ಟೆಯನ್ನು ಬದಲಾಯಿಸುವ ವೆಚ್ಚ ಸಾವಿರ ಡಾಲರನ್ನು ಮೀರಬಹುದು. ಛಾವಣಿಯನ್ನೂ ಏಣಿಯೇರಿ ನೋಡಬೇಕು. 1990ರ ದಶಕದ ಕೊನೆಯ ಕೆಲವು ಮಾದರಿಗಳಿಗೆ ಎ.ಬಿ.ಎಸ್. ಪ್ಲಾಸ್ಟಿಕ್ಕಿನ ಛಾವಣಿಯಿದ್ದಿತು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಅಂಥವು ಬಿರುಕುಬಿಟ್ಟುದುಂಟು.

ಇನ್ನು ಎತ್ತುವ ಸಾಧನ. ಹಿಡಿಕೆಯನ್ನು ತಿರುಗಿಸಿದರೆ ಉಕ್ಕಿನ ಹಗ್ಗವೊಂದು ಉರುಳೆಗೆ ಸುತ್ತಿಕೊಳ್ಳುತ್ತದೆ. ಕೆಲವು ಮಾದರಿಗಳಲ್ಲಿ ಈ ಸೆಳೆತವು ರಾಟೆಗಳ ಮೂಲಕ ನಾಲ್ಕು ಮೂಲೆಯ ಕಂಬಗಳಿಗೆ ಹಂಚಿಹೋಗುತ್ತದೆ. ಬೇರೆ ಕೆಲವದರಲ್ಲಿ ಅದು ಕೊಳವೆಗಳೊಳಗಿನ ಬಿಗಿಯಾದ ಸ್ಪ್ರಿಂಗುಗಳನ್ನು ತಳ್ಳುತ್ತದೆ. ಕೊಳವೆ ಬಾಗಿದ ಕಡೆ ಸ್ಪ್ರಿಂಗೂ ಬಾಗುತ್ತದೆ. ಆದರೆ ಸುತ್ತಲೂ ಕೊಳವೆಯ ಗೋಡೆ ಹಿಡಿದಿರುವುದರಿಂದ ಗಳದಂತೆ ನೂಕಿ, ಒಂದರೊಳಗೊಂದು ಸೇರಿದ ಕಂಬಗಳನ್ನು ಮೇಲಕ್ಕೆತ್ತುತ್ತದೆ. ಕೈ ಬಹುದೂರ ಸುತ್ತಿದರೆ ಛಾವಣಿ ಸ್ವಲ್ಪವೇ ಏರುವುದರಿಂದ ಕೈಬಲ ಹಲವು ಪಟ್ಟಾಗುವುದು. ನಾಲ್ಕು ಮೂಲೆಗಳೂ ಸಮವಾಗಿ ಏರುತ್ತವೆಯೆ? ಹಗ್ಗದ ಎಳೆಗಳು ಕಿತ್ತಿವೆಯೆ? ಗರಗರ ಸದ್ದಿನೊಡನೆ ತಡೆತಡೆದು ಏರುತ್ತದೆಯೆ? ಇಷ್ಟನ್ನು ಸ್ವತಃ ತಿರುಗಿಸಿ ನೋಡಬೇಕು. ಛಾವಣಿಗೆ ಬೇರೆ ಊರೆ ಕೊಡದೆ ಯಾರೂ ಅದರ ಅಡಿಯಲ್ಲಿ ಕೈ, ತಲೆ ಚಾಚಬಾರದು. ಹಗ್ಗ ಕಡಿದರೆ ಅದು ಒಮ್ಮೆಲೇ ಕುಸಿಯುವುದು.

ಟೈರುಗಳ ವಿಷಯದಲ್ಲಿ ಅನೇಕರು ಮೋಸಹೋಗುವರು. ವರ್ಷಕ್ಕೆ ಕೆಲವೇ ದಿನ ಓಡುವ ಗಾಡಿಯಲ್ಲಿ ಟೈರಿನ ಅಚ್ಚು ಸವೆಯುವುದೇ ಇಲ್ಲ. ಆದರೆ ರಬ್ಬರು ಓಡಿದರೆ ಮಾತ್ರವಲ್ಲ, ನಿಂತರೂ ಮುದಿಯಾಗುತ್ತದೆ. ಬಿಸಿಲೂ ಗಾಳಿಯಲ್ಲಿನ ಓಜೋನೂ ಅದನ್ನು ಸೀಳುತ್ತವೆ. 2000ದಿಂದೀಚಿನ ಟೈರುಗಳ ಪಕ್ಕದಲ್ಲಿ ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುವರು: 2319 ಎಂದಿದ್ದರೆ 2019ರ 23ನೆಯ ವಾರ. ಐದಾರು ವರ್ಷ ಮೀರಿದ ಟೈರುಗಳಿಗೆ ಬದಲು ಹೊಸವನ್ನು ಹಾಕಿಸುವ ವೆಚ್ಚವನ್ನು ಬೆಲೆಗೆ ಕೂಡಿಸಿಕೊಳ್ಳುವುದು ಜಾಣತನ.

ತೂಕದ ವಿಚಾರವು ಪ್ರಾಣಕ್ಕೇ ಸಂಬಂಧಿಸಿದುದು. ಎತ್ತಿನ ಗಾಡಿಯಲ್ಲಿ ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲಕ್ಕೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆಂದು ನಮ್ಮ ರೈತರು ಬಲ್ಲರು. ಕಾರಿನ ಹಿಂದಿನ ಗಾಡಿಗೂ ಮೂಕಿಯುಂಟು. ಅದರ ಗುರುತ್ವ ಕೇಂದ್ರ ಅಚ್ಚಿಗಿಂತ ಸ್ವಲ್ಪ ಮುಂದಿರಬೇಕು. ಹಿಂದಕ್ಕೆ ಸರಿದರೆ, ವೇಗ ಹೆಚ್ಚಿದಂತೆ ಗಾಡಿ ಹಾವಿನಂತೆ ಹೊರಳಾಡತೊಡಗಿ ಎಳೆಯುವ ಕಾರನ್ನೂ ರಸ್ತೆಯಿಂದ ಆಚೆಗೆ ಎಸೆದೀತು. ತುಂಬಿದ ಗಾಡಿಯ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮೂಕಿಯ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. 1,000 ಕಿಲೋಗ್ರಾಂ ಗಾಡಿಗೆ 100ರಿಂದ 150 ಕಿಲೋಗ್ರಾಂ.

ಇದನ್ನು ಮನೆಯ ತೂಕದ ಯಂತ್ರದಿಂದಲೇ ಅಳೆಯಬಹುದು. ಸಮನೆಲದ ಮೇಲೆ ಗಾಡಿಯ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು ನಿಲ್ಲಿಸಬೇಕು. ದಪ್ಪನಾದ ತೊಲೆಯೊಂದರ ಒಂದು ತುದಿಯನ್ನು ಇಟ್ಟಿಗೆಯ ಮೇಲೆ, ಇನ್ನೊಂದನ್ನು ತೂಕದ ಯಂತ್ರದ ಮೇಲೆ ಊರಿ, ಬರಿಯ ತೊಲೆಯ ಅಂಕಿಯನ್ನು ಬರೆದುಕೊಳ್ಳಬೇಕು. ಬಳಿಕ ಇಟ್ಟಿಗೆಯಿಂದ ಒಂದು ಪಾಲು, ಯಂತ್ರದಿಂದ ಎರಡು ಪಾಲು ದೂರದಲ್ಲಿ ಮೂಕಿಯನ್ನು ತೊಲೆಯ ಮೇಲಿಳಿಸಬೇಕು. ಸನ್ನೆಯ ನಿಯಮದಂತೆ ಭಾರದ ಮೂರನೆಯ ಒಂದು ಭಾಗವಷ್ಟೇ ಯಂತ್ರಕ್ಕೆ ತಗಲುವುದು. ಯಂತ್ರವು 44 ತೋರಿಸಿ, ಬರಿಯ ತೊಲೆಯದು 4 ಆಗಿದ್ದರೆ, ಉಳಿದ 40ನ್ನು ಮೂರರಿಂದ ಗುಣಿಸಿ ಮೂಕಿಯ ಭಾರ 120 ಕಿಲೋಗ್ರಾಮೆಂದು ತಿಳಿಯಬಹುದು. ಕಡಮೆಯಾದರೆ ಸಾಮಾನನ್ನು ಮುಂದಕ್ಕೆ ಸರಿಸಬೇಕು. ಒಟ್ಟು ತೂಕವಾದರೂ ಗಾಡಿಯ ಫಲಕದಲ್ಲಿ ನಮೂದಿಸಿದ ಮಿತಿಯನ್ನೂ ಕಾರಿನ ಎಳೆಯುವ ಮಿತಿಯನ್ನೂ ದಾಟಕೂಡದು. ತೊಟ್ಟಿಯಲ್ಲಿನ ಒಂದೊಂದು ಲೀಟರು ನೀರೂ ಒಂದೊಂದು ಕಿಲೋಗ್ರಾಂ ಎಂಬುದನ್ನು ಮರೆಯಬಾರದು.

ಒಲೆಗೆ ಪ್ರೊಪೇನ್ ಅನಿಲವನ್ನು ಬಳಸುವರು. ಇದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಕೀಲುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವುದೋ ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸಕೂಡದು. ಚಳಿಯಿದೆಯೆಂದು ಅಡಿಗೆಯ ಒಲೆಯನ್ನು ಉರಿಸಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ನಿದ್ದೆಯಲ್ಲಿಯೇ ಸಾವು ಬಂದೀತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅನಿಲಸೂಚಕಗಳ ಆಯುಷ್ಯವೂ ಮಿತವಾದುದು. ಅವುಗಳ ಮೇಲಿನ ತಾರೀಖನ್ನು ಓದಬೇಕು. ಕೆಲವು ಗಾಡಿಗಳಲ್ಲಿ ಅನಿಲದ ಜ್ವಾಲೆಯಿಂದ ತಂಪುಗೊಳ್ಳುವ ಶೀತಪೆಟ್ಟಿಗೆಯಿರುತ್ತದೆ. 1922ರಲ್ಲಿ ಸ್ವೀಡನ್ನಿನ ಫಾನ್ ಪ್ಲಾಟನ್ ಮತ್ತು ಮುಂಟರ್ಸ್ ಎಂಬ ತರುಣರು ರೂಪಿಸಿದ ತತ್ತ್ವವಿದು. ಅದರೊಳಗಿನ ಅಮೋನಿಯಾ ದ್ರವವು ಪಂಪಿನ ಸಹಾಯವಿಲ್ಲದೆ ತನ್ನ ಇಳಿಜಾರಿನಿಂದಲೇ ಹರಿಯುವುದರಿಂದ ಗಾಡಿ ಸಮನಾಗಿ ನಿಂತಿರಬೇಕು. ತಂಪಾಗಲು ಹಲವು ಗಂಟೆ ಹಿಡಿಯುವುದು. ಆದ್ದರಿಂದ ಹಿಂದಿನ ರಾತ್ರಿಯೇ ಹೊತ್ತಿಸಿಡಲು ಮಾರುವವನನ್ನು ಕೇಳಿಕೊಳ್ಳಬೇಕು.

ಕೊನೆಗೆ ಲೆಕ್ಕ. ಮಾರುವವನು 3,000 ಡಾಲರು ಕೇಳುವನೆಂದೂ, ಬಟ್ಟೆಗೆ 1,500, ಟೈರು ಬೇರಿಂಗುಗಳಿಗೆ 400 ಬೇಕೆಂದೂ ಇಟ್ಟುಕೊಳ್ಳೋಣ. ಆ ಗಾಡಿಯ ನಿಜವಾದ ಬೆಲೆ 4,900. ಈ ಮೊತ್ತಕ್ಕೆ ಸುಸ್ಥಿತಿಯ ಇನ್ನೊಂದು ಗಾಡಿ ಸಿಕ್ಕುವಂತಿದ್ದರೆ ಅದೇ ಅಗ್ಗ. ಒಡೆತನದ ಪತ್ರದಲ್ಲಿರುವ ಸಂಖ್ಯೆಯೂ ಗಾಡಿಯ ಮೇಲಿನ ಸಂಖ್ಯೆಯೂ ಒಂದೇ ಆಗಿದ್ದರೆ ಮಾತ್ರ ಹಣ ಕೊಡಬೇಕು.

ಕೊಂಡ ಮೇಲಿನ ಕೆಲಸ ಹೆಚ್ಚೇನೂ ಇಲ್ಲ, ಆದರೆ ತಪ್ಪಿಸುವಂತಿಲ್ಲ. ವರ್ಷಕ್ಕೊಮ್ಮೆ ಚಕ್ರದ ಬೇರಿಂಗುಗಳಿಗೆ ಹೊಸ ಗ್ರೀಸು ತುಂಬಬೇಕು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗಿ ಕೊಳವೆಗಳನ್ನು ಸೀಳುವುದರಿಂದ, ಹಿಮ ಬೀಳುವ ಸೀಮೆಯಲ್ಲಿ ಚಳಿಗಾಲಕ್ಕೆ ಮುಂಚೆ ಅದನ್ನು ಬಸಿದುಬಿಡಬೇಕು. ಎಲ್ಲಕ್ಕೂ ಮಿಗಿಲಾದುದು ಒಣಗಿಸುವುದು. ಮಳೆ ಬೀಳದ ರಾತ್ರಿಯೂ ಒಳಗೆ ಮಲಗಿದ ಒಬ್ಬೊಬ್ಬನ ಉಸಿರು ಬೆವರುಗಳಿಂದ ಸುಮಾರು ಕಾಲು ಲೀಟರು ನೀರು ಹೊರಬೀಳುತ್ತದೆ. ನಾಲ್ವರ ಸಂಸಾರಕ್ಕೆ ಒಂದು ಲೀಟರು. ಅದರಲ್ಲಿ ಒಂದು ಪಾಲು ಬಟ್ಟೆಗೆ ಹತ್ತುತ್ತದೆ. ಊರಿಗೆ ಮರಳಿದ ಒಂದೆರಡು ದಿನದೊಳಗೆ ಗಾಡಿಯನ್ನು ಮತ್ತೆ ಬಿಡಿಸಿ ಬಿಸಿಲು ಗಾಳಿಗೆ ಒಡ್ಡಲೇಬೇಕು.

ಆದುದರಿಂದ ಗಾಡಿಯನ್ನು ನೋಡಲು ಹೊರಡುವ ಮುನ್ನ ಕೊಳ್ಳತಕ್ಕವನು ತನ್ನ ಮನೆಯ ಅಂಗಳವನ್ನೊಮ್ಮೆ ಅಳೆದು ನೋಡಲಿ. ಮಡಿಸಿದ ಗಾಡಿಯನ್ನು ನಿಲ್ಲಿಸಲು ಸ್ಥಳವಿದ್ದರೆ ಸಾಲದು. ಬಿಡಿಸಿ ಒಣಗಿಸಲೂ ಸ್ಥಳವಿರಬೇಕು. ಅಷ್ಟು ಸ್ಥಳವಿಲ್ಲದವನಿಗೆ ಎಷ್ಟು ಅಗ್ಗವಾಗಿ ಸಿಕ್ಕಿದರೂ ಅದು ದುಬಾರಿಯೇ ಸರಿ.