ಎಂಆರ್‌ಐ ‘ನಾರ್ಮಲ್’ ಎಂದ ಮಾತ್ರಕ್ಕೆ

ಫಿಟ್ಸ್ ಬರುವವರ ಎಂಆರ್‌ಐ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೆ, ಮೆದುಳಿನಲ್ಲಿ ಏನೂ ಇಲ್ಲವಂತೆ ಎಂದು ಮನೆಯವರು ಸಮಾಧಾನಪಡುತ್ತಾರೆ. ಆದರೆ ಸ್ಕ್ಯಾನ್ ಹೇಗೆ ತೆಗೆದರು, ಯಾರು ಓದಿದರು ಎಂದು ತಿಳಿಯದೆ ಆ ಮಾತನ್ನು ನಂಬುವಂತಿಲ್ಲ. ಜರ್ಮನಿಯ ಬಾನ್ ನಗರದ ತಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರ್ಛೆಗೆ ಮೂಲವಾಗಬಲ್ಲ ದೋಷಗಳ ಪೈಕಿ ಸಾಮಾನ್ಯ ಎಂಆರ್‌ಐ ವರದಿಗಳು ಪತ್ತೆಹಚ್ಚಿದ್ದು ಶೇ. 39ರಷ್ಟನ್ನು ಮಾತ್ರ. ಅಂಥದೇ ಚಿತ್ರಗಳನ್ನು ಮೂರ್ಛೆರೋಗದಲ್ಲಿ ಪಳಗಿದವರು ಓದಿದಾಗ ಅದು ಶೇ. 50ಕ್ಕೇರಿತು, ಈ ರೋಗಕ್ಕೆಂದೇ ರೂಪಿಸಿದ ಕ್ರಮದಲ್ಲಿ ಸ್ಕ್ಯಾನ್ ತೆಗೆದಾಗ ಶೇ. 91ಕ್ಕೆ. ಅಧ್ಯಯನದಲ್ಲಿದ್ದವರೆಲ್ಲ ವಿಶೇಷ ಕೇಂದ್ರಕ್ಕೆ ಬಂದ ಕಠಿಣ ರೋಗಿಗಳಾದ್ದರಿಂದ ಈ ಅಂಕಿಗಳು ಎಲ್ಲರಿಗೂ ಹಾಗೆಯೇ ಅನ್ವಯಿಸುವುದಿಲ್ಲ, ನಿಜ. ಆದರೂ ಅಂತರ ಕಡೆಗಣಿಸುವಷ್ಟು ಚಿಕ್ಕದಲ್ಲ.

ಕಾರಣ ಸರಳ. ಕಿವಿಯ ನೇರಕ್ಕೆ, ಮೆದುಳಿನ ಒಳಬದಿಯಲ್ಲಿ ಬಾಗಿ ಮಲಗಿರುವ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗ ಕುಗ್ಗಿ ಗಟ್ಟಿಯಾಗುವುದು ಮೂರ್ಛೆಯ ಮುಖ್ಯ ಕಾರಣಗಳಲ್ಲೊಂದು. ಐದು ಮಿಲಿಮೀಟರ್ ದಪ್ಪದ, ನಡುವೆ ಅಂತರ ಬಿಟ್ಟ ಪದರಗಳಲ್ಲಿ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ಮೆದುಳಿನ ಹೊರಪದರ ಸರಿಯಾಗಿ ಜೋಡಣೆಯಾಗದ ದೋಷವಂತೂ ಬೂದು ಮತ್ತು ಬಿಳಿ ಭಾಗಗಳ ಗಡಿ ತುಸು ಮಸುಕಾದಂತೆ ಕಂಡರೆ ಹೆಚ್ಚು. ಅದಕ್ಕೇ ಅಂತರರಾಷ್ಟ್ರೀಯ ಮೂರ್ಛೆರೋಗ ತಜ್ಞರ ಸಂಘಟನೆ 2019ರಲ್ಲಿ, ಒಂದು ಮಿಲಿಮೀಟರ್‌ನ, ಅಂತರವಿಲ್ಲದ ಚಿತ್ರಗಳ ಜೊತೆಗೆ ಹಿಪೊಕ್ಯಾಂಪಸ್ಸಿಗೆ ಅಡ್ಡಲಾಗಿ ತೆಗೆದ ಚಿತ್ರಗಳೂ ಇರಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಕೋಶ, ಕ್ಷಯದ ಗಂಟುಗಳನ್ನೂ ಹುಡುಕಬೇಕು. ಹುಳುವಿನ ಮೊಟ್ಟೆ ಕೊಳಕು ನೀರು, ಸೊಪ್ಪುಗಳ ಮೂಲಕವೂ ಬರುವುದರಿಂದ ಸಸ್ಯಾಹಾರಿಗಳಿಗೂ ವಿನಾಯಿತಿಯಿಲ್ಲ! ಸತ್ತು ಸುಣ್ಣಗಟ್ಟಿದ ಕೋಶ ಮಾತ್ರ ಎಂಆರ್‌ಐಗಿಂತ ಸಿಟಿ ಸ್ಕ್ಯಾನಿನಲ್ಲೇ ಚೆನ್ನಾಗಿ ಕಾಣುತ್ತದೆ.

ಹೇಗಿದ್ದರೂ ಕೊಡುವುದು ಮಾತ್ರೆ ತಾನೆ, ಇಷ್ಟು ಖರ್ಚು ಏಕೆ ಎಂಬ ಪ್ರಶ್ನೆ ಸಹಜ. ಸರಿಯಾದ ಔಷಧ ಸಿಕ್ಕರೆ ಶೇ. 70ರವರೆಗೂ ರೋಗಿಗಳು ಫಿಟ್ಸ್ ಇಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಬಹುಮಂದಿಗೆ ಎರಡನೇ ಸ್ಕ್ಯಾನ್ ಬೇಕಾಗದು. ಆದರೆ ಸರಿಯಾಗಿ ಆಯ್ದ ಎರಡು ಔಷಧಗಳೂ ಸೋತರೆ ಲೆಕ್ಕ ಬದಲಾಗುತ್ತದೆ. ದೆಹಲಿಯ ಏಮ್ಸ್‌ನಲ್ಲಿ ಔಷಧಕ್ಕೆ ಬಗ್ಗದ 116 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 77ರಷ್ಟು ಮಕ್ಕಳು ಒಂದು ವರ್ಷದ ಬಳಿಕ ಫಿಟ್ಸ್‌ನಿಂದ ಮುಕ್ತರಾಗಿದ್ದರು. ಔಷಧ ಮಾತ್ರ ಪಡೆದವರಲ್ಲಿ ಶೇ. 7. ಎಲ್ಲಿ ಕತ್ತರಿಸಬೇಕೆಂದು ತಿಳಿಯದೆ ಶಸ್ತ್ರಚಿಕಿತ್ಸೆ ಇಲ್ಲ, ಆ ಜಾಗ ಗುರುತಿಸಲು ಒಳ್ಳೆಯ ಎಂಆರ್‌ಐಗಿಂತ ಮುಖ್ಯವಾದ ಸಾಧನ ಕಡಿಮೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು: ಕಂಡದ್ದೆಲ್ಲ ಕಾರಣವಲ್ಲ. ಮೆದುಳಿನ ಪೊರೆಯ ನೀರ್ಗುಳ್ಳೆಯೊಂದು ಯಾವ ತಂಟೆಯನ್ನೂ ಮಾಡದೆ ಜೀವಮಾನವಿಡೀ ಇರಬಹುದು. ಬಿಸಿನೀರು ತಲೆಗೆ ಹುಯ್ದಾಗ ಬರುವ ಮೂರ್ಛೆಯನ್ನೇ ನೋಡಿ; ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ, ನಿಮ್ಹಾನ್ಸ್ ವೈದ್ಯರು ವಿವರವಾಗಿ ಅಭ್ಯಾಸ ಮಾಡಿರುವ ಈ ರೋಗದಲ್ಲಿ ಎಂಆರ್‌ಐ ಸಾಮಾನ್ಯವಾಗಿ ನಿಜಕ್ಕೂ ನಾರ್ಮಲ್. ಅಲ್ಲಿ ರೋಗ ಹಿಡಿಯುವುದು ಕಂಡವರ ವಿವರಣೆಯಿಂದ. ಬೇರೆ ಮೂರ್ಛೆಗಳಲ್ಲೂ ಆ ವಿವರಣೆ ಸ್ಕ್ಯಾನ್ ಚೀಟಿಯಲ್ಲಿರಬೇಕು: ಮೊದಲು ಸೆಳೆದದ್ದು ಎಡಗೈ ಎಂದು ಗೊತ್ತಿದ್ದರೆ, ರೇಡಿಯಾಲಜಿಸ್ಟ್ ಮೆದುಳಿನ ಬಲಭಾಗವನ್ನು ಇನ್ನೊಮ್ಮೆ ನೋಡುತ್ತಾರೆ.